ಹೆಬ್ಬೆರಳಿನ ತಂಬೂರಿ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ತಂತಿಯ ನಾದ ಹೊಸದಲ್ಲ. ಇಂದಿನ ಬಸವಕಲ್ಯಾಣವೇ ಆದ ಕಲ್ಯಾಣಪಟ್ಟಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವನ್ನು ರಚಿಸಿ, ರಾಜನೀತಿ, ವೈದ್ಯ, ಅಡುಗೆಗಳ ಜೊತೆಗೆ ಗೀತ, ವಾದ್ಯ, ನೃತ್ಯಗಳಿಗೂ ಅದರಲ್ಲಿ ಸ್ಥಾನ ಕೊಟ್ಟನು. ಅವನ ಮಗ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ ಎಂಬ ಪ್ರತ್ಯೇಕ ಶಾಸ್ತ್ರಗ್ರಂಥವನ್ನೇ ಬರೆದನು. ಅದೇ ಶತಮಾನದಲ್ಲಿ ಅದೇ ಊರಿನಲ್ಲಿದ್ದ ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯಾಗಿ ಕಲ್ಪಿಸಿಕೊಂಡರು. ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕ ಪ್ರಭುಗಳು ಹುಮನಾಬಾದಿನ ಬಳಿ ಮಾಣಿಕನಗರದಲ್ಲಿ ನೆಲೆಸಿ, ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿ, 1865ರಲ್ಲಿ ಸಮಾಧಿಸ್ಥರಾದರು. ತತ್ತ್ವಪದಗಳನ್ನು ಹಾಡುವವರ ಏಕತಾರಿಯಂತೂ ಈ ಸೀಮೆಯ ಹಳ್ಳಿಗಳಿಗೆ ಚಿರಪರಿಚಿತ.

ಇಂತಹ ಸೀಮೆಯ ತರುಣರ ಕೈಗೆ ಇಂದು ಗಿಟಾರ್ ಬಂದಿದ್ದರೆ ಅದನ್ನು ಪರಕೀಯವೆಂದು ಭಾವಿಸಬೇಕಾದ ಕಾರಣವಿಲ್ಲ. ಗಿಟಾರನ್ನು ನುಡಿಸುವ ಕ್ರಮಗಳು ಮುಖ್ಯವಾಗಿ ಎರಡು. ಕಡ್ಡಿಯಿಂದ ತಂತಿಗಳನ್ನು ಒಟ್ಟಾಗಿ ಗೀರಿ ಲಯ ಹಿಡಿಯುವುದು ಒಂದು. ಹೆಬ್ಬೆರಳಿನಿಂದ ಮಂದ್ರದ ತಂತಿಗಳನ್ನೂ ಉಳಿದ ಬೆರಳುಗಳಿಂದ ಮೇಲಿನ ಸ್ವರದ ತಂತಿಗಳನ್ನೂ ಬೇರೆಬೇರೆಯಾಗಿ ಮೀಟುವುದು ಇನ್ನೊಂದು. ಈ ಎರಡನೆಯ ಕ್ರಮದಲ್ಲಿ ಒಬ್ಬನೇ ವಾದಕನು ಆಧಾರಶ್ರುತಿ, ಲಯ, ಹಾಡಿನ ಧಾಟಿ ಈ ಮೂರನ್ನೂ ಏಕಕಾಲದಲ್ಲಿ ಕೇಳಿಸಬಲ್ಲನು.

ಇದನ್ನು ಕೇಳಿ ಮರುಳಾಗುವವರು ಬಹಳ. ಆದರೆ ಕಲಿಯತೊಡಗಿ ಕೆಲವೇ ವಾರಗಳಲ್ಲಿ ವಾದ್ಯವನ್ನು ಮೂಲೆಗೆ ಒರಗಿಸುವವರೂ ಕಡಿಮೆಯಲ್ಲ. ಎಡಗೈಯ ಬೆರಳ ತುದಿಗಳು ಉರಿಯುತ್ತವೆ. ಬಲಗೈಯ ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲ. ಈ ಎರಡು ತೊಡಕುಗಳನ್ನು ಕಂಡು ಅವರು, ನಮಗೆ ಸಂಗೀತದ ಕೈ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನಕ್ಕೆ ಆಧಾರವಿಲ್ಲ. ಮೊದಲನೆಯ ತೊಡಕು ಚರ್ಮಕ್ಕೆ ಸೇರಿದ್ದು, ಎರಡನೆಯದು ಮೆದುಳಿಗೆ ಸೇರಿದ್ದು. ಪ್ರತಿಭಾವಂತರಿಗೂ ಇವು ತಪ್ಪಿದ್ದಲ್ಲ. ಇವುಗಳ ಕಾರಣವನ್ನು ಅರಿತವನು ಎದೆಗುಂದದೆ ಕಾಯಬಲ್ಲನು. ಆದುದರಿಂದ ಆ ಕಾರಣಗಳನ್ನು ಇಲ್ಲಿ ಪರಿಶೀಲಿಸೋಣ.

ತಂತಿಯ ಸ್ವಭಾವ

ಗಿಟಾರಿನ ತಂತಿಗಳು ಆರು. ರೂಢಿಯಂತೆ ಶ್ರುತಿಗೂಡಿಸಿದಾಗ ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ, ಐದನೆಯದು 110 ಸಲ, ಎಲ್ಲಕ್ಕಿಂತ ತೆಳುವಾದ ಮೊದಲನೆಯದು ಸುಮಾರು 330 ಸಲ ಕಂಪಿಸುತ್ತದೆ. ಕಂಪಿಸುವ ಭಾಗದ ಉದ್ದ ಸುಮಾರು 65 ಸೆಂಟಿಮೀಟರ್. ದಂಡಿಗೆಯ ಮೇಲಿನ ಹನ್ನೆರಡನೆಯ ಮೆಟ್ಟಿಲು ಈ ಉದ್ದದ ಸರಿಯಾದ ಅರ್ಧದಲ್ಲಿದೆ. ಅಲ್ಲಿ ತಂತಿಯನ್ನು ಒತ್ತಿ ಹಿಡಿದರೆ ಕಂಪನಗಳ ಸಂಖ್ಯೆ ಎರಡರಷ್ಟಾಗಿ, ತಾರಸ್ಥಾಯಿಯ ಅದೇ ಸ್ವರ ಕೇಳಿಸುತ್ತದೆ.

ಮೀಟಿದ ತಂತಿಯು ಇಡಿಯಾಗಿ ಮಾತ್ರವೇ ಕಂಪಿಸುವುದಿಲ್ಲ. ಅದೇ ಕಾಲದಲ್ಲಿ ಎರಡು, ಮೂರು, ನಾಲ್ಕು ಸಮಪಾಲುಗಳಾಗಿಯೂ ಕಂಪಿಸುತ್ತದೆ. ಹೀಗೆ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳು ಹುಟ್ಟುತ್ತವೆ. ಒಂದು ಪಾಲಿಗೂ ಮತ್ತೊಂದು ಪಾಲಿಗೂ ನಡುವೆ ಅಲುಗದೆ ನಿಲ್ಲುವ ಬಿಂದುಗಳಿರುತ್ತವೆ. ಯಾವ ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ತಂತಿಯನ್ನು ಮೀಟುತ್ತೇವೆಯೋ ಆ ಉಪಸ್ವರವು ಹುಟ್ಟುವುದಿಲ್ಲವೆಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ತೋರಿಸಿಕೊಟ್ಟನು.

ಈ ನಿಯಮವನ್ನು ಗಿಟಾರಿನ ಮೇಲೆಯೇ ಪರೀಕ್ಷಿಸಬಹುದು. ಒಂದು ತಂತಿಯನ್ನು ಹನ್ನೆರಡನೆಯ ಮೆಟ್ಟಿಲಿನ ಮೇಲೆ, ಎಂದರೆ ನಟ್ಟನಡುವೆ, ಮೀಟಿರಿ. ಎರಡು, ನಾಲ್ಕು, ಆರನೆಯ ಉಪಸ್ವರಗಳು ಇಲ್ಲವಾಗಿ ದುಂಡನೆಯ, ಮೆತ್ತನೆಯ ದನಿ ಬರುತ್ತದೆ. ಅದೇ ತಂತಿಯನ್ನು ಕುದುರೆಯ ಸಮೀಪದಲ್ಲಿ ಮೀಟಿರಿ. ಮೇಲಿನ ಉಪಸ್ವರಗಳು ತುಂಬಿಕೊಂಡು ದನಿ ಚುರುಕಾಗುತ್ತದೆ. ಇನ್ನು ಬೆರಳಿನ ಮೆತ್ತನೆಯ ತುದಿಯಿಂದ ಒಮ್ಮೆ, ಉಗುರಿನಿಂದ ಒಮ್ಮೆ ಮೀಟಿ ನೋಡಿರಿ. ಮಾಂಸಲವಾದ ತುದಿಯು ತಂತಿಯನ್ನು ಅಗಲವಾಗಿ ತಳ್ಳುವುದರಿಂದ ಮೇಲಿನ ಉಪಸ್ವರಗಳು ಕುಗ್ಗುತ್ತವೆ. ಉಗುರು ತಂತಿಯನ್ನು ಕೊಂಕಾಗಿ ಎಳೆದು ಬಿಡುವುದರಿಂದ ಅವು ಹೆಚ್ಚುತ್ತವೆ.

ತಂಬೂರಿಯ ವಿಷಯ ಬೇರೆ. ಅದರ ಕುದುರೆ ಅಗಲವಾದದ್ದು, ಮೇಲ್ಮೈ ಕೊಂಚ ಬಾಗಿದ್ದು. ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯನ್ನು ಸೇರಿಸಿ ಜೀವಾಳ ಕಟ್ಟುತ್ತಾರೆ. ಕಂಪಿಸುವ ತಂತಿಯು ಆ ಕುದುರೆಯನ್ನು ಸೋಕಿ ಸೋಕಿ ಬಿಡುತ್ತದೆ. ಇದರಿಂದಾಗಿ, ಯಂಗನ ನಿಯಮದಂತೆ ಹುಟ್ಟಬಾರದ ಉಪಸ್ವರಗಳೂ ತಂಬೂರಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದರು. ಅಲ್ಲಿ ನಾದದ ಸೊಬಗನ್ನು ಬಹುಮಟ್ಟಿಗೆ ಕುದುರೆಯೇ ನೋಡಿಕೊಳ್ಳುತ್ತದೆ. ಗಿಟಾರಿನಲ್ಲಿ ತಂತಿಯು ಇಕ್ಕಟ್ಟಾದ ಅಂಚಿನ ಮೇಲೆ ನಿಂತಿರುವುದರಿಂದ ಆ ಹೊಣೆ ಬೆರಳಿನದು. ಆದುದರಿಂದ ಹೊಸಬನು ಬಲಗೈಯನ್ನು ಅತ್ತಿತ್ತ ಅಲೆಯಗೊಡದೆ, ಪೆಟ್ಟಿಗೆಯ ದುಂಡನೆಯ ರಂಧ್ರದ ಅಂಚಿನಲ್ಲಿ ಒಂದೇ ಎಡೆಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡುವುದು ಒಳ್ಳೆಯದು. ಹಾಗೆ ಮಾಡಿದರೆ ದನಿ ಕೆಟ್ಟಾಗ ಕಾರಣ ಯಾವ ಬೆರಳಿನಲ್ಲಿದೆಯೆಂದು ಸುಲಭವಾಗಿ ತಿಳಿಯುತ್ತದೆ.

ಎಡಗೈಯ ಉರಿ

ಗಿಟಾರಿನ ಸಪೂರವಾದ ಉಕ್ಕಿನ ತಂತಿಯೊಂದೇ ಹತ್ತು ಕಿಲೋಗ್ರಾಂ ತೂಕವನ್ನು ತೂಗಹಾಕಿದಷ್ಟು ಬಿಗಿಯಾಗಿರುತ್ತದೆ; ಆರೂ ತಂತಿಗಳ ಸೆಳೆತ ಕೂಡಿ ಸುಮಾರು 70 ಕಿಲೋಗ್ರಾಂ ಆಗುತ್ತದೆ. ನೈಲಾನ್ ತಂತಿಗಳಲ್ಲಿ ಇದು 40 ಕಿಲೋಗ್ರಾಂನ ಆಸುಪಾಸು. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಇಂತಹ ಉಕ್ಕಿನ ತಂತಿಯನ್ನು ಎಳೆಯ ಚರ್ಮದಿಂದ ಒತ್ತಿದರೆ ಉರಿಯದೆ ಇರುವುದೇ ಆಶ್ಚರ್ಯ. ಒತ್ತಡ ಮತ್ತೆ ಮತ್ತೆ ಬಿದ್ದಂತೆ ಚರ್ಮದ ಕೆಳಪದರದ ಜೀವಕೋಶಗಳು ಹೆಚ್ಚು ಬೇಗ ವೃದ್ಧಿಯಾಗಿ, ಹೊರಪದರ ದಪ್ಪವಾಗುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಉರಿ ತಗ್ಗುತ್ತದೆ. ಒಂದೇ ದಿನ ಎರಡು ಗಂಟೆ ಒತ್ತಿ ಗುಳ್ಳೆ ಎಬ್ಬಿಸಿಕೊಂಡು ನಾಲ್ಕು ದಿನ ಬಿಡುವುದಕ್ಕಿಂತ ದಿನಕ್ಕೆರಡು ಬಾರಿ ಹತ್ತು ಹತ್ತು ನಿಮಿಷ ನುಡಿಸಿದರೆ ಚರ್ಮಕ್ಕೆ ಹಿತ.

ಉರಿಯ ಅರ್ಧ ಪಾಲು ಬೇಡದ ಬಲದಿಂದ ಬರುತ್ತದೆ. ಬೆರಳನ್ನು ಮೆಟ್ಟಿಲಿಗೆ ಒತ್ತಿಕೊಂಡಂತೆ ಅದರ ಹಿಂದೆಯೇ ಇಟ್ಟರೆ ಕಡಿಮೆ ಬಲ ಸಾಕು. ಎರಡು ಮೆಟ್ಟಿಲುಗಳ ನಡುವೆ ಇಟ್ಟರೆ ಹೆಚ್ಚು ಬೇಕು. ಒಂದು ಸ್ವರವನ್ನು ಒತ್ತಿ ಹಿಡಿದು ಮೀಟುತ್ತಾ, ತಂತಿ ಗರಗುಟ್ಟುವವರೆಗೆ ಬಲವನ್ನು ಮೆಲ್ಲನೆ ಸಡಿಲಿಸಿರಿ. ಬಳಿಕ ಗರಗರ ನಿಲ್ಲುವಷ್ಟು ಮಾತ್ರ ಒತ್ತಿರಿ. ಅಗತ್ಯವಾದ ಬಲ ಅಷ್ಟೇ. ತಂತಿಗಳು ದಂಡಿಗೆಯಿಂದ ಬಹಳ ಎತ್ತರದಲ್ಲಿರುವ ಅಗ್ಗದ ವಾದ್ಯವಾದರೆ ಬಲ್ಲವರಿಂದ ಅದನ್ನು ಸರಿಪಡಿಸಿಕೊಳ್ಳಬೇಕು. ವಾದ್ಯದ ದೋಷಕ್ಕೆ ಕೈ ದಂಡ ತೆರಬಾರದು. ಆದರೆ ಒಂದು ಎಚ್ಚರ: ಬೆರಳ ತುದಿಯ ಉರಿ ಸಹಜ. ಮಣಿಕಟ್ಟಿನ ನೋವು, ಬೆರಳುಗಳು ಜೋಮು ಹಿಡಿಯುವುದು ಸಹಜವಲ್ಲ. ಅಂತಹ ಲಕ್ಷಣ ಕಂಡರೆ ನುಡಿಸುವುದನ್ನು ನಿಲ್ಲಿಸಬೇಕು. ಅದು ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ಹೆಬ್ಬೆರಳು ಏಕೆ ಮಾತು ಕೇಳದು?

ಬಲಗೈಯಲ್ಲಿ ಹೆಬ್ಬೆರಳಿಗೆ ಆರು, ಐದು, ನಾಲ್ಕನೆಯ ತಂತಿಗಳು. ತೋರುಬೆರಳಿಗೆ ಮೂರನೆಯದು, ನಡುಬೆರಳಿಗೆ ಎರಡನೆಯದು, ಉಂಗುರ ಬೆರಳಿಗೆ ಮೊದಲನೆಯದು. ಕಿರುಬೆರಳಿಗೆ ಸಾಮಾನ್ಯವಾಗಿ ಕೆಲಸವಿಲ್ಲ.

ಈಗ ಒಂದು ಪ್ರಯೋಗ. ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಟ್ಟು, ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿರಿ. ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿರಿ. ಹೆಬ್ಬೆರಳು, ತೋರುಬೆರಳು, ಕಿರುಬೆರಳುಗಳು ಏಳುತ್ತವೆ. ಉಂಗುರ ಬೆರಳು ಏಳಲಾರದು. ನಡುಬೆರಳನ್ನೂ ಉಂಗುರ ಬೆರಳನ್ನೂ ಎತ್ತುವ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಅಡ್ಡಪಟ್ಟಿಗಳಿಂದ ಪರಸ್ಪರ ಕಟ್ಟಲ್ಪಟ್ಟಿರುವುದೇ ಇದಕ್ಕೆ ಕಾರಣ. ಉಂಗುರ ಬೆರಳಿನ ಮೀಟು ಮೊದಲಲ್ಲಿ ಮಂದವಾಗಿರುವುದು ಶರೀರದ ರಚನೆಯಿಂದ, ಸೋಮಾರಿತನದಿಂದಲ್ಲ.

ಹೆಬ್ಬೆರಳಿಗಾದರೋ ಇಂತಹ ಕಟ್ಟುಗಳಿಲ್ಲ. ಅದನ್ನು ಮಡಚಲು ಅದರದೇ ಆದ ಸ್ನಾಯುವಿದೆ. ಹಾಗಿದ್ದೂ ಉಳಿದ ಬೆರಳುಗಳು ಹೊರಟೊಡನೆ ಹೆಬ್ಬೆರಳು ತಡವರಿಸುತ್ತದೆ, ಇಲ್ಲವೇ ಅವುಗಳ ಹಿಂದೆಯೇ ಓಡುತ್ತದೆ. ಈ ತೊಡಕು ಇರುವುದು ಮೆದುಳಿನಲ್ಲಿ. ಒಂದು ಕೈಯಿಂದ ಮೇಜನ್ನು ನಾಲ್ಕು ಸಲ ಸಮವಾಗಿ ತಟ್ಟುವಷ್ಟು ಕಾಲದಲ್ಲಿ ಇನ್ನೊಂದು ಕೈಯಿಂದ ಮೂರು ಸಲ ಸಮವಾಗಿ ತಟ್ಟಲು ಯತ್ನಿಸಿರಿ. ಕೈಗಳೆರಡೂ ಸ್ವತಂತ್ರವಾಗಿದ್ದರೂ ಲಯಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಮನವು ಎರಡು ಲಯಗಳನ್ನು ಒಟ್ಟಿಗೆ ಕಾಯಲಾರದು; ಒಂದನ್ನು ಅಭ್ಯಾಸಬಲಕ್ಕೆ ಒಪ್ಪಿಸಿ, ಇನ್ನೊಂದನ್ನು ಮಾತ್ರ ಗಮನವು ನಡೆಸಬೇಕು.

ಈ ರಹಸ್ಯವನ್ನು ನಮ್ಮ ತತ್ತ್ವಪದದ ಗಾಯಕರು ಬಲ್ಲರು. ಅವರ ಒಂದು ಕೈಯ ಬೆರಳು ಏಕತಾರಿಯನ್ನು ಮೀಟುತ್ತಲೇ ಇರುತ್ತದೆ, ಇನ್ನೊಂದು ಕೈ ಚಿಟಿಕೆಯನ್ನು ಆಡಿಸುತ್ತಿರುತ್ತದೆ; ಮನಸ್ಸು ಮಾತ್ರ ಪದದ ಅರ್ಥದಲ್ಲಿ ನೆಟ್ಟಿರುತ್ತದೆ. ಮೀಟುವ ಬೆರಳಿನ ಕಡೆ ಅವರು ನೋಡುವುದೂ ಇಲ್ಲ. ಗಿಟಾರಿನಲ್ಲಿ ಹೆಬ್ಬೆರಳು ಆ ಏಕತಾರಿಯ ಬೆರಳಾಗಬೇಕು.

ನಿಧಾನವೇ ಹತ್ತಿರದ ದಾರಿ

ಕೌಶಲವು ಮೂರು ಹಂತಗಳಲ್ಲಿ ಕೈಗೂಡುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ವಿವರಿಸಿದರು. ಮೊದಲು ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತೇವೆ. ಆಮೇಲೆ ಚಲನೆಗಳು ಒಂದಕ್ಕೊಂದು ಹೆಣೆದುಕೊಂಡು ತಪ್ಪುಗಳು ಕಡಿಮೆಯಾಗುತ್ತವೆ. ಕೊನೆಗೆ ಅವು ಯೋಚನೆಯ ಹಂಗಿಲ್ಲದೆ ನಡೆಯುತ್ತವೆ. ಕೈಗೆ ತಪ್ಪು ಸರಿಗಳ ವಿವೇಚನೆಯಿಲ್ಲ. ವೇಗವಾಗಿ, ತಪ್ಪುತಪ್ಪಾಗಿ ನೂರು ಸಲ ಮೀಟಿದರೆ ಆ ತಪ್ಪೇ ಅದಕ್ಕೆ ಪಾಠವಾಗುತ್ತದೆ.

ತಂತಿವಾದ್ಯಗಾರರ ಮೆದುಳನ್ನು ಎಲ್ಬರ್ಟ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹವಾದುದು. ಎಡಗೈಯ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗವು ವಾದ್ಯ ನುಡಿಸದವರಲ್ಲಿ ಇರುವುದಕ್ಕಿಂತ ಅವರಲ್ಲಿ ವಿಸ್ತಾರವಾಗಿತ್ತು. ಬಾಲ್ಯದಲ್ಲಿಯೇ ಕಲಿಯತೊಡಗಿದವರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತಿತ್ತು. ಅಭ್ಯಾಸಕ್ಕೆ ತಕ್ಕಂತೆ ಮೆದುಳೂ ಮಾರ್ಪಡುತ್ತದೆಂಬುದಕ್ಕೆ ಇದೊಂದು ನಿದರ್ಶನ.

ನಿದ್ರೆಗೂ ಇದರಲ್ಲಿ ಪಾತ್ರವುಂಟು. 2002ರಲ್ಲಿ ವಾಕರ್ ಮತ್ತು ಸಂಗಡಿಗರು ಕೆಲವರಿಗೆ ಬೆರಳುಗಳಿಂದ ಕೀಲಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತುವುದನ್ನು ಕಲಿಸಿದರು. ಒಂದು ರಾತ್ರಿ ಮಲಗಿ ಎದ್ದವರ ವೇಗ, ನಡುವೆ ಮತ್ತೆ ಅಭ್ಯಾಸ ಮಾಡದಿದ್ದರೂ, ಶೇಕಡ 20ರಷ್ಟು ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಗಣನೀಯವಾದ ಹೆಚ್ಚಳ ಕಾಣಲಿಲ್ಲ. ಪರೀಕ್ಷೆಯ ಓದಿನ ನಡುವೆ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಬಿಡುವಿರುವ ವಿದ್ಯಾರ್ಥಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇರೆ ಬೇಡ. ಸಂಜೆ ಕಲಿತದ್ದನ್ನು ರಾತ್ರಿ ಮೆದುಳು ಗಟ್ಟಿ ಮಾಡುತ್ತಿರುತ್ತದೆ.

ಅಭ್ಯಾಸದ ಕ್ರಮ

ಮೊದಲ ವಾರ ಎಡಗೈಗೆ ಕೆಲಸ ಕೊಡಬೇಡಿರಿ. ಗೋಡೆ ಗಡಿಯಾರದ ಟಿಕ್ ಟಿಕ್ ಸದ್ದಿಗೆ ಸರಿಯಾಗಿ, ಎಂದರೆ ನಿಮಿಷಕ್ಕೆ 60ರಂತೆ, ಹೆಬ್ಬೆರಳೊಂದರಿಂದಲೇ ಐದನೆಯ ತಂತಿಯನ್ನೂ ಆರನೆಯದನ್ನೂ ಒಂದಾದ ಮೇಲೊಂದರಂತೆ ಮೀಟಿರಿ. ಮೀಟುತ್ತಲೇ ಪಕ್ಕದವರೊಡನೆ ಮಾತನಾಡಲು ಸಾಧ್ಯವಾದಾಗ ಹೆಬ್ಬೆರಳು ಅಭ್ಯಾಸಬಲಕ್ಕೆ ಸೇರಿತೆಂದು ತಿಳಿಯಬಹುದು. ಅದಾಗುವವರೆಗೆ ಮುಂದಕ್ಕೆ ಹೋಗುವ ಅವಸರ ಬೇಡ.

ಎರಡನೆಯ ಹಂತದಲ್ಲಿ ಹೆಬ್ಬೆರಳು ಮೀಟಿದ ಕ್ಷಣದಲ್ಲಿಯೇ ತೋರುಬೆರಳು ಮೂರನೆಯ ತಂತಿಯನ್ನು ಮೀಟಲಿ. ಬಳಿಕ ನಡುಬೆರಳು, ಉಂಗುರ ಬೆರಳು ತಮ್ಮ ತಮ್ಮ ತಂತಿಗಳನ್ನು ಮೀಟಲಿ. ಎರಡು ಚಲನೆಗಳು ಒಟ್ಟಿಗೆ ಬೀಳುವುದು ಮೆದುಳಿಗೆ ಸುಲಭ.

ಮೂರನೆಯ ಹಂತದಲ್ಲಿ ಬೆರಳುಗಳು ಹೆಬ್ಬೆರಳಿನ ಎರಡು ಮೀಟುಗಳ ನಡುವೆ ಬೀಳಬೇಕು. ಇಲ್ಲಿ ಭಜನೆಯಲ್ಲಿ ಕೇಳಿಬರುವ ಕೆಹರವಾ ತಾಳವು ನೆರವಾಗುತ್ತದೆ. ‘ಧಾ ಗೆ ನಾ ತಿ ನಾ ಕ ಧಿ ನಾ’ ಎಂಬ ಎಂಟು ಮಾತ್ರೆಗಳನ್ನು ಬಾಯಲ್ಲಿ ಹೇಳುತ್ತಾ ಒಂದು, ಮೂರು, ಐದು, ಏಳನೆಯ ಮಾತ್ರೆಗಳಿಗೆ ಹೆಬ್ಬೆರಳನ್ನೂ, ಎರಡು, ನಾಲ್ಕು, ಆರು, ಎಂಟನೆಯವುಗಳಿಗೆ ಉಳಿದ ಬೆರಳುಗಳನ್ನೂ ಬಳಸಿರಿ. ಹೆಬ್ಬೆರಳು ಮಂದ್ರದಲ್ಲಿ ಎರಡು ತಂತಿಗಳ ನಡುವೆ ಓಲಾಡುವ ಈ ಬಗೆಯನ್ನು ಅಮೆರಿಕದಲ್ಲಿ ಪ್ರಸಿದ್ಧಗೊಳಿಸಿದವರಲ್ಲಿ ಮರ್ಲ್ ಟ್ರಾವಿಸ್ (1917–1983) ಒಬ್ಬನು. ಆ ದೇಶದಲ್ಲಿ ಇದು ಅವನ ಹೆಸರಿನಿಂದಲೇ ಪ್ರಚಾರದಲ್ಲಿದೆ.

ಕೊನೆಯದಾಗಿ ಒಂದು ಲೆಕ್ಕವನ್ನು ಗಮನಿಸೋಣ. ಐದನೆಯ ತಂತಿಯ 110 ಕಂಪನಗಳನ್ನು ಆರನೆಯದರ 82 ಚಿಲ್ಲರೆ ಕಂಪನಗಳಿಗೆ ಹೋಲಿಸಿದರೆ ಅದು ಬಹುತೇಕ ನಾಲ್ಕಕ್ಕೆ ಮೂರರ ಪ್ರಮಾಣ. ಐದನೆಯದನ್ನು ಷಡ್ಜವೆಂದುಕೊಂಡರೆ ಆರನೆಯದು ಅದರ ಕೆಳಗಿನ ಪಂಚಮವಾಗುತ್ತದೆ. ಪಂಚಮ, ಷಡ್ಜ ಇವೇ ಅಲ್ಲವೇ ತಂಬೂರಿಯ ಸ್ವರಗಳು! ಆದಕಾರಣ ಗಿಟಾರಿನ ಕೆಳಗಿನ ಎರಡು ತಂತಿಗಳನ್ನು ಎಡಗೈಯಿಂದ ಮುಟ್ಟದೆ, ಹೆಬ್ಬೆರಳಿನಿಂದ ಮೀಟುತ್ತಾ ಹೋದರೆ ಅದೇ ಒಂದು ತಂಬೂರಿಯಾಗುತ್ತದೆ. ಆ ಶ್ರುತಿಯ ಮೇಲೆ, ತಾಯಿಯಿಂದಲೋ ಊರ ಭಜನೆಯವರಿಂದಲೋ ಕೇಳಿ ಬಾಯಿಪಾಠವಾಗಿರುವ ಒಂದು ಪದದ ಧಾಟಿಯನ್ನು ಮೇಲಿನ ಮೂರು ತಂತಿಗಳಲ್ಲಿ ಒಂದೊಂದೇ ಸ್ವರವಾಗಿ ಹುಡುಕಬಹುದು. ಮೊದಲ ದಿನ ನಾಲ್ಕು ಸ್ವರಗಳು ಸಿಕ್ಕರೆ ಸಾಕು. ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಗಿಟಾರಿನ ಗುರುಗಳು ದೊರೆಯದೆ ಹೋದರೂ, ಏಕತಾರಿಯ ಗಾಯಕರನ್ನು ಕೇಳುತ್ತಾ ಬೆಳೆದ ವಿದ್ಯಾರ್ಥಿಯ ಕಿವಿಯಲ್ಲಿ ಮೊದಲ ಪಾಠ ಆಗಲೇ ಕುಳಿತಿದೆ. ಬೆರಳಿಗೆ ಅದು ಇಳಿಯುವವರೆಗೆ ಅವಸರಪಡದೆ ನುಡಿಸುವುದಷ್ಟೇ ಉಳಿದಿರುವ ಕೆಲಸ.