ಮಕ್ಕಳು ಕಂಡು ಕಟ್ಟುವ ಕಥೆಗಳು

ಅಳಿಲಿನ ಬೆನ್ನ ಮೇಲೆ ಮೂರು ಗೆರೆಗಳೇಕೆ? ಕನ್ನಡನಾಡಿನ ಯಾವ ಅಜ್ಜಿಯನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಸಮುದ್ರಕ್ಕೆ ಸೇತುವೆ ಕಟ್ಟುವಾಗ ಅಳಿಲು ಮರಳಿನಲ್ಲಿ ಹೊರಳಿ ಬಂದು, ಕಲ್ಲುಗಳ ನಡುವೆ ಮೈಕೊಡವಿ, ತನ್ನ ಪಾಲಿನ ಸೇವೆಯನ್ನು ಸಲ್ಲಿಸಿತು. ಶ್ರೀರಾಮನು ಮೆಚ್ಚಿ ಅದರ ಬೆನ್ನನ್ನು ಮೂರು ಬೆರಳುಗಳಿಂದ ನೇವರಿಸಿದನು. ಆ ಬೆರಳಗುರುತುಗಳು ಇಂದಿಗೂ ಉಳಿದಿವೆ. ‘ಅಳಿಲುಸೇವೆ’ ಎಂಬ ಮಾತಿನ ಹಿಂದಿರುವುದೂ ಇದೇ ಕಥೆ.

ಇರಲಿ. ದಕ್ಷಿಣ ಭಾರತದಲ್ಲಿ ನಮ್ಮ ಮನೆಯಂಗಳಕ್ಕೆ ಬರುವ ಅಳಿಲಿಗೆ ಬೆನ್ನ ಮೇಲೆ ಮೂರು ಬಿಳಿಯ ಗೆರೆಗಳು ಇರುವುದು ನಿಜವೇ. ಆದರೆ ಉತ್ತರ ಭಾರತದ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳಿಲು ಬೇರೊಂದು ಜಾತಿಯದು. ಅದಕ್ಕೆ ಐದು ಗೆರೆಗಳು. ಈ ಸಂಗತಿಯನ್ನು ತಿಳಿದ ಮಗುವೊಂದು, “ಹಾಗಾದರೆ ಉಳಿದ ಎರಡು ಗೆರೆಗಳನ್ನು ಎಳೆದವರು ಯಾರು?” ಎಂದು ಕೇಳಿದರೆ, ಹಿರಿಯರು ಅಧಿಕಪ್ರಸಂಗವೆಂದು ಗದರಬಾರದು. ಹೊಸದೊಂದು ಕಥೆ ಹುಟ್ಟುವ ಗಳಿಗೆ ಅದು.

ಕಾಣದ ಸಿಂಹ, ಕಾಣುವ ಹಲ್ಲಿ

ಪ್ರಾಣಿಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಸುಮಾರು 1031ರಲ್ಲಿಯೇ ವಸುಭಾಗನ ಪರಂಪರೆಯನ್ನು ಅನುಸರಿಸಿ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಬರೆದಿಟ್ಟ ಕಥೆಗಳ ಜೊತೆಗೆ, ಹೊಲದ ಬದುವಿನಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ ಬಾಯಿಂದ ಬಾಯಿಗೆ ಹರಿದು ಬಂದ ಕಥೆಗಳು ಲೆಕ್ಕವಿಲ್ಲದಷ್ಟು. ಅವನ್ನು ಮೊದಲು ಹೇಳಿದವರು ಹಗಲಿರುಳೂ ಪ್ರಾಣಿಗಳ ನಡುವೆಯೇ ಬಾಳಿದವರು. ನರಿ ಯಾವ ಹೊತ್ತಿಗೆ ಊಳಿಡುತ್ತದೆ, ಕಾಗೆ ತನ್ನ ಬಳಗವನ್ನು ಹೇಗೆ ಕೂಗಿ ಕರೆಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದಿನ ಪಟ್ಟಣದ ಮಕ್ಕಳಿಗೆ ಪ್ರಾಣಿಯ ಕಥೆ ಬರೆಯಲು ಹೇಳಿ ನೋಡಿ. “ಒಂದಾನೊಂದು ಕಾಡಿನಲ್ಲಿ ಒಂದು ಸಿಂಹವಿತ್ತು” ಎಂದು ಲೇಖನಿ ತಾನಾಗಿಯೇ ಓಡುತ್ತದೆ. ಕರ್ನಾಟಕದ ಯಾವ ಕಾಡಿನಲ್ಲಿಯೂ ಸಿಂಹವಿಲ್ಲ. ಭಾರತದಲ್ಲಿ ಅದು ಸ್ವತಂತ್ರವಾಗಿ ಬಾಳುವುದು ಗುಜರಾತಿನ ಗಿರ್ ಅರಣ್ಯ ಹಾಗೂ ಅದರ ಸುತ್ತಿನ ಸೀಮೆಯಲ್ಲಿ ಮಾತ್ರ. ಮಗುವಿನ ಸಿಂಹ ಕ್ರೂರಿ, ನರಿ ಕಪಟಿ, ಮೊಲ ಜಾಣ, ಕತ್ತೆ ದಡ್ಡ. ಎರವಲು ಗುಣಗಳನ್ನು ಹೊತ್ತ ಈ ಪ್ರಾಣಿಗಳನ್ನು ಅದು ಒಮ್ಮೆಯೂ ಕಣ್ಣಿಟ್ಟು ನೋಡಿರುವುದಿಲ್ಲ. ಇತ್ತ ಅದೇ ಮನೆಯ ಗೋಡೆಯ ಮೇಲೆ, ದೀಪದ ಮಗ್ಗುಲಲ್ಲಿ, ಸಂಜೆಯಾಯಿತೆಂದರೆ ಬೇಟೆಗೆ ನಿಲ್ಲುವ ಹಲ್ಲಿಯ ಮೇಲೆ ಯಾರೂ ಒಂದು ವಾಕ್ಯವನ್ನೂ ಬರೆಯುವುದಿಲ್ಲ.

ಆದುದರಿಂದ ಮೊದಲ ನಿಯಮವಿದು: ಮಗು ಪ್ರತಿದಿನ ಕಾಣಬಹುದಾದ ಪ್ರಾಣಿಯನ್ನೇ ಆರಿಸಿಕೊಳ್ಳಲಿ. ಹಲ್ಲಿ, ಕಾಗೆ, ಇರುವೆ, ಅಳಿಲು, ಬೀದಿಯ ನಾಯಿ, ಕಪ್ಪೆ, ಯಾವುದಾದರೂ ಸರಿ. ಒಂದು ವಾರ ಪರ್ಯಂತ ದಿನಕ್ಕೆ ಹತ್ತು ನಿಮಿಷ ನೋಡಲಿ. ಹಿಡಿಯಬಾರದು, ಗೂಡನ್ನು ಮುಟ್ಟಬಾರದು, ಕಲ್ಲೆಸೆದು ಎಬ್ಬಿಸಬಾರದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣಗಳನ್ನು ಎಳೆದು ‘ಕಂಡದ್ದು’, ‘ಕೇಳಿದ್ದು’, ‘ಓದಿದ್ದು’ ಎಂದು ಬೇರೆ ಬೇರೆಯಾಗಿ ಬರೆಯಲಿ. ಅಜ್ಜಿ ಹೇಳಿದ ಶಕುನ ಎರಡನೆಯ ಅಂಕಣಕ್ಕೆ. ಪುಸ್ತಕದ ಮಾತು, ಮೊಬೈಲಿನಲ್ಲಿ ದೊರೆತ ವಿವರ ಮೂರನೆಯದಕ್ಕೆ. ಮೂರೂ ಬೇಕು; ಆದರೆ ಮೂರೂ ಒಂದೇ ಅಲ್ಲವೆಂಬ ಅರಿವು ಮೂಡಿದರೆ ಅರ್ಧ ವಿದ್ಯೆ ಕೈಗೂಡಿದಂತೆಯೇ.

ಗಿಜುಗನ ಗೂಡಿನ ಮಣ್ಣು

ಬಿಡದೆ ನೋಡುವುದರಿಂದ ಏನು ದೊರೆಯುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. 1930ರಲ್ಲಿ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಕೈಯಲ್ಲಿ ಉದ್ಯೋಗವಿಲ್ಲದೆ ಮುಂಬಯಿಗೆ ಸಮೀಪದ ಕಡಲ ತೀರದ ಕಿಹೀಮ್ ಗ್ರಾಮದಲ್ಲಿ ನೆಲಸಿದ್ದರು. ಬಿಡುವಿನ ಆ ತಿಂಗಳುಗಳಲ್ಲಿ ಅವರು ಗಿಜುಗನ ಹಕ್ಕಿಯನ್ನು ದಿನವೂ ಕುಳಿತು ನೋಡಿದರು. ಗೂಡು ನೇಯುವುದು ಗಂಡು. ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ತಿಗೊಳಿಸುತ್ತದೆ. ಹೆಣ್ಣು ಮೊಟ್ಟೆಗೆ ಕಾವು ಕೊಡಲು ಕುಳಿತ ಮೇಲೆ, ಗಂಡು ಮತ್ತೊಂದು ಗೂಡಿಗೆ ತೊಡಗಿ ಮತ್ತೊಬ್ಬ ಸಂಗಾತಿಯನ್ನು ಕರೆಯುತ್ತದೆ. ನೂರಾರು ವರ್ಷಗಳಿಂದ ಎಲ್ಲರ ಕಣ್ಣೆದುರಿಗೆ ತೂಗಾಡುತ್ತಿದ್ದ ಗೂಡಿನ ಸಂಸಾರದ ಕಥೆ ಹೀಗೆ ಬೆಳಕಿಗೆ ಬಂದಿತು.

ಇದೇ ಗಿಜುಗನು ಗೂಡಿನ ಒಳಗೋಡೆಗೆ ಹಸಿಮಣ್ಣಿನ ಉಂಡೆಗಳನ್ನು ಅಂಟಿಸುತ್ತದೆ. ಗಾಳಿಗೆ ಗೂಡು ಅತಿಯಾಗಿ ಓಲಾಡದಿರಲೆಂದು ಹೀಗೆ ಮಾಡುತ್ತದೆಂಬುದು ಒಂದು ಊಹೆ. ಹಳ್ಳಿಗರ ವಿವರಣೆಯೇ ಬೇರೆ: ಆ ಮಣ್ಣಿಗೆ ಮಿಂಚುಹುಳುಗಳನ್ನು ಸಿಕ್ಕಿಸಿ ಹಕ್ಕಿಯು ರಾತ್ರಿ ದೀಪ ಮಾಡಿಕೊಳ್ಳುತ್ತದೆಯಂತೆ! ಇದು ಶಾಸ್ತ್ರವಲ್ಲ, ಸರಿ. ಆದರೆ ಗೂಡಿನೊಳಗೆ ಮಣ್ಣಿದೆ ಎಂಬುದನ್ನು ಮೊದಲು ಯಾರೋ ಇಣಿಕಿ ನೋಡಿ ಕಂಡುಕೊಂಡಿದ್ದರು ಎಂಬುದನ್ನು ಮರೆಯಬಾರದು. ಜನಪದ ಕಥೆಯ ಹುಟ್ಟಿನ ಕ್ರಮವೇ ಇದು. ಕಣ್ಣು ಒಂದು ವಿಚಿತ್ರವನ್ನು ಕಾಣುತ್ತದೆ, ಮನಸ್ಸು ‘ಏಕೆ?’ ಎನ್ನುತ್ತದೆ, ಕಲ್ಪನೆ ಉತ್ತರ ಕೊಡುತ್ತದೆ.

ಅಸಲು ಗೋಡೆಯ ಮೇಲೆ

ಹಲ್ಲಿಯನ್ನು ಆರಿಸಿಕೊಂಡ ಮಗುವಿನ ಪುಸ್ತಕದಲ್ಲಿ ಏನೇನು ಕೂಡಿಬರಬಹುದು? ಕಂಡದ್ದು: ಬೆಕ್ಕು ಎರಗಿದಾಗ ಹಲ್ಲಿ ಬಾಲವನ್ನು ಕಳಚಿ ಓಡಿತು; ಬಿದ್ದ ಬಾಲ ನೆಲದ ಮೇಲೆ ಕುಣಿಯಿತು. ಕೇಳಿದ್ದು: ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ. ಓದಿದ್ದು: ಬಾಲ ಮತ್ತೆ ಬೆಳೆಯುತ್ತದೆ, ಆದರೆ ಹೊಸ ಬಾಲದೊಳಗೆ ಮೊದಲಿನ ಮೂಳೆಗಳಿರದೆ ಮೃದ್ವಸ್ಥಿಯಷ್ಟೇ ಇರುತ್ತದೆ.

ಇನ್ನು ಕಥೆ ಎಷ್ಟು ದೂರ? ಬಹು ಹಿಂದೆ ಹಲ್ಲಿಯು ಬೆಕ್ಕಿನ ಬಳಿ ಸಾಲ ಮಾಡಿತ್ತಂತೆ. ವಾಯಿದೆ ಮೀರಿತು. ಬೆಕ್ಕು ಬಂದು ಬಾಗಿಲಲ್ಲಿ ಕುಳಿತಿತು. “ಅಣ್ಣಾ, ಅಸಲು ಈಗ ಕೊಡಲಾರೆ, ಬಡ್ಡಿಯನ್ನಾದರೂ ತೆಗೆದುಕೊಂಡು ಹೋಗು” ಎಂದು ಹಲ್ಲಿ ತನ್ನ ಬಾಲವನ್ನು ಕಳಚಿ ಕೊಟ್ಟಿತು. ಬಡ್ಡಿ ನೆಲದ ಮೇಲೆ ಥಕಥಕ ಕುಣಿಯಿತು. ಬೆಕ್ಕು ಅದರ ಕುಣಿತಕ್ಕೆ ಮರುಳಾಗಿ ನೋಡುತ್ತಿರುವಷ್ಟರಲ್ಲಿ ಅಸಲು ಸೂರು ಸೇರಿತ್ತು! ಬೆಕ್ಕು ಇಂದಿಗೂ ವಸೂಲಿಗೆ ಬರುತ್ತದೆ. ಇಂದಿಗೂ ಬಡ್ಡಿಯನ್ನೇ ಪಡೆದು ಹಿಂದಿರುಗುತ್ತದೆ. ಮೇಲಿನಿಂದ ಹಲ್ಲಿ “ಲೊಚ್ ಲೊಚ್” ಎಂದು ಮರುಕಪಡುತ್ತದೆ.

ಇಂತಹ ಕಥೆಯನ್ನು ಒರೆಗೆ ಹಚ್ಚುವ ಬಗೆ ಸುಲಭ. ಹಲ್ಲಿಯನ್ನು ತೆಗೆದು ಆ ಜಾಗದಲ್ಲಿ ಮೊಲವನ್ನು ಇಟ್ಟರೆ ಕಥೆ ನಡೆಯುತ್ತದೆಯೇ? ನಡೆದರೆ ಮಗು ಪ್ರಾಣಿಯನ್ನು ಸರಿಯಾಗಿ ನೋಡಿಲ್ಲವೆಂದೇ ಅರ್ಥ. ನಡೆಯದಿದ್ದರೆ ಕಥೆಯ ಬೇರು ನೆಲಕ್ಕೆ ಇಳಿದಿದೆ. ಕೊನೆಗೆ ‘ಈ ಕಥೆಯ ನೀತಿಯೇನೆಂದರೆ’ ಎಂಬ ಬಾಲವನ್ನು ಅಂಟಿಸುವ ಚಪಲವನ್ನು ಹಿರಿಯರು ಬಿಡಬೇಕು. ಕಥೆಯ ಕೆಳಗೆ ಬೇಕಾದುದು ಬೇರೊಂದು ಸಾಲು: ಇದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬುದನ್ನು ಮಗುವೇ ಬರೆದಿಡಬೇಕು.

ಕಥೆಗೆ ತೆರುವ ಬೆಲೆ

ಇಷ್ಟು ಕಟ್ಟುನಿಟ್ಟು ಏಕೆ, ಮಕ್ಕಳ ಆಟವಲ್ಲವೇ ಎಂದು ಕೆಲವರು ಕೇಳಬಹುದು. ಉತ್ತರವನ್ನು ಕಾಡುಪಾಪದ ಬಾಳಿನಲ್ಲಿ ಹುಡುಕಬೇಕು. ತುಮಕೂರು ಸೀಮೆಯ ಕುರುಚಲು ಕಾಡುಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಕೂಡ, ಇರುಳು ಮೆಲ್ಲಮೆಲ್ಲನೆ ಚಲಿಸುವ ಪುಟ್ಟ ಜೀವವದು. ಬಾಲವಿಲ್ಲ, ಮುಖದ ತುಂಬ ಎರಡು ದುಂಡು ಕಣ್ಣುಗಳು. ಹುಳುಹುಪ್ಪಟೆಗಳನ್ನು ತಿಂದು ಯಾರ ಗೊಡವೆಗೂ ಹೋಗದ ಈ ಪ್ರಾಣಿಯನ್ನು ಮಾಟಮಂತ್ರದ ನಂಬಿಕೆಯಿಂದ ಹಿಡಿದು ಹಿಂಸಿಸಿ ಕೊಂದದ್ದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಆದರೆ ಮನಸ್ಸಿನಲ್ಲಿ ಬೇರೂರಿದ ಕಥೆಯನ್ನು ಕಾಯಿದೆಯೊಂದೇ ಕಿತ್ತೊಗೆಯಲಾರದು. ನಾಗರ ಹಾವು ಹಾಲು ಕುಡಿಯುತ್ತದೆಂಬ ಕಥೆಯೂ ಹೀಗೆಯೇ. ಹಾಲು ಹಾವಿನ ಆಹಾರವಲ್ಲ. ಹಾವಾಡಿಗನು ಬಾಯಾರಿಸಿ ಇಟ್ಟ ಹಾವು ನೀರಿಲ್ಲದೆ ಹಾಲಿಗೆ ಬಾಯಿಟ್ಟರೆ, ಅದರಿಂದ ಅದಕ್ಕೆ ಕೇಡೇ ಹೊರತು ಪುಣ್ಯವಿಲ್ಲ.

ಕಥೆ ಪ್ರಾಣಿಯನ್ನು ಕಾಯಬಲ್ಲದು, ಕೊಲ್ಲಲೂ ಬಲ್ಲದು. ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಡುಪಾಪದ ಕಣ್ಣು ಏಕೆ ಅಷ್ಟು ದೊಡ್ಡದು ಎಂಬುದಕ್ಕೆ ಮಗುವೊಂದು ಮರುಕದ ಕಥೆಯನ್ನು ಕಟ್ಟಿತೆಂದರೆ, ಹಳೆಯ ಭಯದ ಕಥೆಗೆ ಎದುರಾಗಿ ಒಂದು ಹೊಸ ಕಥೆ ನಿಂತಂತಾಯಿತು.

ಹೆಸರು ಅಳಿದಾಗ

ಜನಪದ ಕಥೆಗೆ ಕರ್ತೃವಿಲ್ಲವಲ್ಲ, ಅದನ್ನು ಒಂದು ಮಗು ಬರೆಯುವುದೆಂತು ಎಂಬ ಆಕ್ಷೇಪ ಒಂದು ಉಳಿಯುತ್ತದೆ. ಮಾತು ನಿಜ. ಬರೆದ ಮಾತ್ರಕ್ಕೆ ಅದು ಜನಪದವಾಗದು. ಆದುದರಿಂದಲೇ ಬರೆಯುವ ಮುನ್ನ ಬಾಯಲ್ಲಿ ಹೇಳಿಸಬೇಕು. ಬರೆದ ಮೇಲೆ ನಾಲ್ಕು ಜನರ ಮುಂದೆ ಓದಿಸಬೇಕು. ಕೇಳಿದ ಪಕ್ಕದ ಮನೆಯ ಹುಡುಗಿ ಅದನ್ನು ತನ್ನ ತಮ್ಮನಿಗೆ ಹೇಳುವಾಗ ಬೆಕ್ಕಿನ ಜಾಗಕ್ಕೆ ಕೋಳಿಯನ್ನು ತಂದಾಳು. ಬಡ್ಡಿಯ ದರವನ್ನೂ ಸೇರಿಸಿಯಾಳು. ಕಟ್ಟಿದ ಮಗು ಆಗ ಕೋಪಿಸಿಕೊಳ್ಳದಂತೆ ಹಿರಿಯರು ತಿಳಿಯಹೇಳಬೇಕು. ಬಾಲ ಕಳಚುವ ಸಂಗತಿ ಉಳಿದು, ಹೇಳಿದವರ ಹೆಸರು ಅಳಿದುಹೋದ ದಿನ ಆ ಕಥೆಯು ಅಜ್ಜಿಯ ಅಳಿಲಿನ ಕಥೆಯ ಪಂಕ್ತಿಯಲ್ಲಿ ಕುಳಿತಿರುತ್ತದೆ.