35 ಲಕ್ಷ ಸಾಲಿನ ಪಟ್ಟಿ

ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶದಲ್ಲಿ ಪ್ರೋಗ್ರಾಮರುಗಳು ದಿನಕ್ಕೆ ಹತ್ತಾರು ಸಲ ‘ಗಿಟ್ ಸ್ಟೇಟಸ್’ ಎಂದು ಟೈಪ್ ಮಾಡುತ್ತಾರೆ. ಯಾವ ಫೈಲ್ ಬದಲಾಗಿದೆಯೆಂದು ಅದು ಥಟ್ಟನೆ ಹೇಳುತ್ತದೆ. ಒಂದೊಂದನ್ನೂ ತೆರೆದು ಓದಿ ಹೇಳುವುದಲ್ಲ. ಪ್ರತಿ ಫೈಲಿನ ಗಾತ್ರವನ್ನೂ ಕೊನೆಗೆ ತಿದ್ದಿದ ಸಮಯವನ್ನೂ ‘ಇಂಡೆಕ್ಸ್’ ಎಂಬ ಪಟ್ಟಿಯಲ್ಲಿ ಗಿಟ್ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಡಿಸ್ಕಿನ ಲೆಕ್ಕಕ್ಕೂ ಪಟ್ಟಿಯ ಲೆಕ್ಕಕ್ಕೂ ತಾಳೆಯಾದರೆ ಫೈಲಿನ ಒಳಗೆ ಇಣುಕುವ ಅಗತ್ಯವಿಲ್ಲ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಗಿಟ್ ಬರೆದಾಗಲೇ ಇಂಥ ಪಟ್ಟಿ ಹುಟ್ಟಿತು. ಈಗ ಸಾಮಾನ್ಯವಾಗಿ ಒಂದು ಫೈಲಿಗೆ 62 ಬೈಟ್ ವಿವರ, ಅದರ ಬೆನ್ನಿಗೆ ಫೋಲ್ಡರುಗಳ ಸಮೇತ ಪೂರ್ತಿ ಹೆಸರು. 62 ಬೈಟ್ ಯಾವ ಮಹಾ ಅನ್ನಿಸಬಹುದು. ಆದರೆ 2017ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಾಗ ಅದರಲ್ಲಿದ್ದ ಫೈಲುಗಳು ಸುಮಾರು 35 ಲಕ್ಷ. ಹೆಸರುಗಳನ್ನು ಬಿಟ್ಟೇ 21 ಕೋಟಿ ಬೈಟ್ ದಾಟುವ ಲೆಕ್ಕ ಅದು! ಸಾಮಾನ್ಯ ರೂಪದಲ್ಲಿ ಒಂದೇ ಫೈಲ್ ಸೇರಿಸಿದರೂ ಇಡೀ ಪಟ್ಟಿಯನ್ನು ಹೊಸದಾಗಿ ಬರೆಯಬೇಕು.

ಉಳಿತಾಯದ ದಾರಿ ಹೆಸರುಗಳಲ್ಲೇ ಇತ್ತು. ಪಟ್ಟಿ ಅಕಾರಾದಿಯಾಗಿರುವುದರಿಂದ ಅಕ್ಕಪಕ್ಕದ ಹೆಸರುಗಳ ಮೊದಲ ಭಾಗ ಬಹುಪಾಲು ಒಂದೇ. ಮುಯ್ಯಿ ಪುಸ್ತಕದಲ್ಲಿ ಒಂದೇ ಊರಿನವರು ಸಾಲಾಗಿ ಬಂದರೆ ಊರಿನ ಹೆಸರನ್ನು ಒಮ್ಮೆ ಬರೆದು ಕೆಳಗೆ ಎರಡು ಗೀಟು ಹಾಕುವುದಿಲ್ಲವೇ, ಹಾಗೆ. 2012ರ ಅಕ್ಟೋಬರ್‌ನಲ್ಲಿ ಬಂದ ಗಿಟ್ 1.8.0 ಈ ಉಪಾಯವನ್ನು ಪಟ್ಟಿಯ ನಾಲ್ಕನೇ ರೂಪವಾಗಿ ತಂದಿತು. ಕರ್ನಲ್‌ನ ಶೆಡ್ಯೂಲರ್ ಫೋಲ್ಡರಿನಲ್ಲಿ ‘ಕೋರ್.ಸಿ’ ಆದಮೇಲೆ ‘ಕೋರ್_ಶೆಡ್.ಸಿ’ ಬರುತ್ತದೆ. ಇಂಗ್ಲಿಷಿನಲ್ಲಿ ಎರಡನೆಯದರ ಪೂರ್ತಿ ಹೆಸರು 25 ಅಕ್ಷರ. ಹೊಸ ರೂಪ ‘ಹಿಂದಿನದರ ಕೊನೆಯ 2 ಅಕ್ಷರ ತೆಗೆ, ಈ 8 ಸೇರಿಸು’ ಎಂದಷ್ಟೇ ಬರೆದುಕೊಳ್ಳುತ್ತದೆ. ವಿವರವೂ ಗುರುತಿನ ಬೈಟುಗಳೂ ಸೇರಿ 88 ಬೈಟಿನ ಸಾಲು 72ಕ್ಕೆ ಇಳಿಯುತ್ತದೆ. ದೊಡ್ಡ ಕೋಡ್ ಭಂಡಾರಗಳಲ್ಲಿ ಪಟ್ಟಿ ಶೇ. 30ರಿಂದ 50ರಷ್ಟು ಕಿರಿದಾಗುತ್ತದೆಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ.

ಇದಕ್ಕೂ ಬೆಲೆಯಿದೆ. ಮೇಲಿನ ಸಾಲು ಓದದೆ ಕೆಳಗಿನದು ಅರ್ಥವಾಗದು. ಹಾಗಾಗಿ ನಡುವೆ ಎಲ್ಲೋ ಇಳಿದು ಓದಲಾಗದು, ಪಟ್ಟಿಯನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚಲೂ ಆಗದು. 2018ರ ಗಿಟ್ 2.20 ಪಟ್ಟಿಯನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೊದಲ ಹೆಸರನ್ನು ಪೂರ್ತಿ ಬರೆದು, ತುಂಡುಗಳು ಎಲ್ಲೆಲ್ಲಿ ಶುರುವಾಗುತ್ತವೆಂಬ ಗುರುತನ್ನು ಕೊನೆಯಲ್ಲಿಟ್ಟಿತು. ಒಂದಿಷ್ಟು ಬೈಟ್ ಬಿಟ್ಟುಕೊಟ್ಟು ವೇಗ ಕೊಂಡ ಈ ವಿವೇಕ ಮೆಚ್ಚುವಂಥದ್ದು.

2021ರಲ್ಲಿ ಬಂದ ‘ಸ್ಪಾರ್ಸ್ ಇಂಡೆಕ್ಸ್’ ಇನ್ನೂ ಮುಂದೆ ಹೋಯಿತು. ಪ್ರೋಗ್ರಾಮರ್ ತನ್ನ ಕೆಲಸಕ್ಕೆ ಬೇಡವೆಂದು ಹೊರಗಿಟ್ಟ ಫೋಲ್ಡರ್ ಇದ್ದರೆ, ಒಳಗೆ ಸಾವಿರ ಫೈಲಿದ್ದರೂ ಅದಕ್ಕೆ ಒಂದೇ ಸಾಲು. ಆದರೆ ಪ್ರತಿ ಸಾಲೂ ಒಂದು ಫೈಲ್ ಎಂದು ನಂಬಿ ಬರೆದ ಗಿಟ್‌ನ ಹಳೆಯ ಆಜ್ಞೆಗಳಿಗೆ ಈ ಹೊಸ ಸಾಲನ್ನು ಒಂದೊಂದಾಗಿ ಪರಿಚಯಿಸಬೇಕಾಯಿತು. ಇನ್ನೂ ಕಲಿಯದ ಆಜ್ಞೆ ಎದುರಾದರೆ ಗಿಟ್ ಮಡಚಿದ ಪಟ್ಟಿಯನ್ನು ಪೂರ್ತಿ ಬಿಚ್ಚಿ ಅದರ ಮುಂದಿಡುತ್ತದೆ.