ಜ್ವರ ನೋಡುವಾಗ ಮನಸ್ಸನ್ನೂ ವಿಚಾರಿಸಿ

ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲಿನ ಹಳ್ಳಿ ಮೂರೂ ಕಡೆ ಹದಿನಾರು ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 12.5 ಮಕ್ಕಳಿಗೆ, ಅಂದರೆ ಎಂಟರಲ್ಲಿ ಒಬ್ಬರಿಗೆ, ಮನಸ್ಸಿನ ಇಲ್ಲವೇ ನಡವಳಿಕೆಯ ತೊಂದರೆಯಿತ್ತು. ಅದಕ್ಕಿಂತ ನನ್ನನ್ನು ಕಾಡುವ ಅಂಕಿ ಇನ್ನೊಂದು: ಮಗುವಿಗೆ ತೊಂದರೆಯಿದೆ ಎಂದು ಮನಗಂಡಿದ್ದ ಕುಟುಂಬಗಳು ಶೇ. 37.5 ಮಾತ್ರ.

ಕಾಣದ ತೊಂದರೆಯನ್ನು ಅಮ್ಮ ಡಾಕ್ಟರಿಗೆ ಹೇಳುವುದಾದರೂ ಹೇಗೆ? ಆಕೆ ಹೇಳುವುದು ಹೊಟ್ಟೆನೋವು, ತಲೆನೋವು, ಊಟ ಸೇರುತ್ತಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ ಎಂದು. ಶಾಲೆಗೆ ಹೊರಡುವ ಹೊತ್ತಿಗೇ ಬರುವ ಹೊಟ್ಟೆನೋವನ್ನು ನಾಟಕ ಎಂದು ಗದರುವವರಿದ್ದಾರೆ. ನಾಟಕವಲ್ಲ ಅದು. ಮಿದುಳಿಗೂ ಕರುಳಿಗೂ ನರಗಳ ನಂಟಿದೆ. ಆತಂಕ ಹೆಚ್ಚಿದಾಗ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಆದ್ದರಿಂದ ದೂರು ಬರಲಿ ಎಂದು ಕಾಯದೆ ಎಲ್ಲ ಮಕ್ಕಳ ಬಗ್ಗೆಯೂ ಕೇಳಬೇಕು. ಅಮೆರಿಕದ ಮೈಕೆಲ್ ಜೆಲಿನೆಕ್ ಮತ್ತು ಮೈಕೆಲ್ ಮರ್ಫಿ 1980ರ ದಶಕದಲ್ಲಿ ಇದಕ್ಕೆಂದೇ 35 ಪ್ರಶ್ನೆಗಳ ಪಟ್ಟಿ ರೂಪಿಸಿದರು. ನಿದ್ದೆ, ಓದು, ಹೆದರಿಕೆ, ಚಡಪಡಿಕೆ, ಜಗಳ, ದುಃಖ ಎಲ್ಲವೂ ಅದರಲ್ಲಿವೆ. 'ಇಲ್ಲ'ಕ್ಕೆ ಸೊನ್ನೆ, 'ಕೆಲವೊಮ್ಮೆ'ಗೆ ಒಂದು, 'ಆಗಾಗ'ಗೆ ಎರಡು ಅಂಕ. ಆರು ವರ್ಷ ತುಂಬಿದ ಮಕ್ಕಳಲ್ಲಿ ಒಟ್ಟು 28 ಮುಟ್ಟಿದರೆ ವಿವರವಾಗಿ ನೋಡಬೇಕು. ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ 25 ಪ್ರಶ್ನೆಗಳ ಪಟ್ಟಿಯಂತೂ ಕನ್ನಡ, ತಮಿಳು ಎರಡರಲ್ಲೂ ಸಿಗುತ್ತದೆ. ಸರದಿಗೆ ಕಾದು ಕುಳಿತಿರುವಾಗಲೇ ತುಂಬಿ ಮುಗಿಸಬಹುದು.

ಅಂಕ ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ತಾತ ತೀರಿಕೊಂಡ ತಿಂಗಳಲ್ಲಿ ಯಾವ ಮಗುವಿನ ಅಂಕವೂ ಏರಬಹುದು. ಹಣೆಪಟ್ಟಿ ಹಚ್ಚುವ ಆತುರ ಬೇಡ. ಮಾತಾಡಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.

ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನಂಥ ಊರುಗಳ ವೈದ್ಯರು ಇನ್ನೊಂದನ್ನು ಗಮನಿಸಬೇಕು. ಕೊಯಮತ್ತೂರು–ತಿರುಪ್ಪೂರು ಸೀಮೆಯ ದೇವಾಂಗರಂಥ ಸಮುದಾಯಗಳ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಅಲ್ಲಿನ ತಾಯಿಗೆ ಕನ್ನಡದಲ್ಲಿ ಅಚ್ಚಾದ ಹಾಳೆ ಕೊಟ್ಟರೂ ಓದಲಾಗದಿರಬಹುದು. ಆಗ ಪ್ರಶ್ನೆಗಳನ್ನು ಆಕೆಯ ಮನೆಮಾತಿನಲ್ಲೇ ಓದಿ ಹೇಳಬೇಕು. ಮಗುವಿನ ಭಯ, ಅಳು, ಹಟಗಳನ್ನು ಆಕೆ ದಿನವೂ ಕಾಣುವುದು ಆ ಮಾತಿನಲ್ಲೇ.

ಕೇಳಿದ ಮೇಲೆ ದಾರಿಯನ್ನೂ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬರುತ್ತವೆ. ತಪಾಸಣೆಯ ಪಟ್ಟಿಯಲ್ಲಿ ನಡವಳಿಕೆ, ಕಲಿಕೆಯ ತೊಂದರೆಗಳೂ ಇವೆ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.